ಅಪ್ಪನ ಕೋಲು ಹಿಡಿದು ಐದು ದಿನ

ಮೊದಲ ದಿನ: ಅಂಕೋಲೆ

ಬೆಂಗಳೂರಿನಿಂದ ಹೊರಟ ಪಂಚಗಂಗಾ ಎಕ್ಸ್‌ಪ್ರೆಸ್ ಅಂಕೋಲೆ ಮುಟ್ಟಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ಅವ್ವ, ಅಕ್ಕ, ನಾನು, ಮೂವರೇ. 2024ರ ಡಿಸೆಂಬರ್. ಅಪ್ಪ ಹೋಗಿ ವರ್ಷ ತುಂಬುತ್ತಿತ್ತು. ತಿಥಿ ಊರಲ್ಲೇ ಆಗಬೇಕು ಅಂತ ಅವ್ವನ ಹಟ. ಅದಾದ ಮೇಲೆ ಅವರು ಇದ್ದ ಜಾಗಗಳನ್ನೆಲ್ಲ ಒಂದು ಸಲ ನೋಡಿ ಬರೋಣ ಅಂದಿದ್ದಳು.

ಅವಳ ಕೈಯಲ್ಲಿ ಅಪ್ಪನ ಕೋಲಿತ್ತು. ಬೆತ್ತದ ಕೋಲು. ತುದಿಗೆ ಬಂದೂಕಿನ ಖಾಲಿ ತೋಟೆಯ ಹಿತ್ತಾಳೆ ತಳ ಕೂರಿಸಿದ್ದಾನೆ, ಸವೆಯಬಾರದು ಅಂತ. ರೈಲಿನಲ್ಲಿ ರಾತ್ರಿಯಿಡೀ ಅದನ್ನು ತಲೆದಿಂಬಿನ ಪಕ್ಕವೇ ಇಟ್ಟುಕೊಂಡು ಮಲಗಿದ್ದಳು.

ನಮ್ಮ ಊರಿಗೆ ಹೋಗಲು ಶಿರೂರು ಗುಡ್ಡದ ಕೆಳಗೇ ಹಾಯಬೇಕು. ಅದೇ ವರ್ಷ ಜುಲೈ 16ರಂದು ಕುಸಿದ ಗುಡ್ಡ ಅದು. ಹೆದ್ದಾರಿಯನ್ನು ಮುಚ್ಚಿ, ರಸ್ತೆ ಬದಿಯ ಚಹಾ ಅಂಗಡಿಯನ್ನು ಅದರ ಮನೆಯವರ ಸಮೇತ ಎಳೆದುಕೊಂಡು ಗಂಗಾವಳಿಗೆ ಇಳಿದಿತ್ತು. ಹೊಳೆ ನೀರು ಆಚೆ ದಡದ ಉಳುವರೆ ಊರಿನ ಮೇಲೆ ಅಪ್ಪಳಿಸಿತ್ತು. ಬೆಳಗಾವಿಯಿಂದ ಸೈನ್ಯದವರು ಬಂದರು, ನೌಕಾಪಡೆಯ ಮುಳುಗುಗಾರರು ಬಂದರು. ಈಗಲೂ ಗುಡ್ಡದ ಕೆಂಪು ಗಾಯ ಹಾಗೇ ಕಾಣುತ್ತದೆ. ಡ್ರೈವರ್ ಗಾಡಿ ನಿಧಾನ ಮಾಡಿದ. ಅವ್ವ ಕೈ ಮುಗಿದಳು. "ಅವರು ಇದ್ದಿದ್ದರೆ ಕೋಲು ಹಿಡಿದು ಬಂದು ಇಲ್ಲೇ ನಿಲ್ತಿದ್ದರು. ಯಾರು ಬೇಡ ಅಂದರೂ ಕೇಳ್ತಿರಲಿಲ್ಲ" ಅಂದಳು.

ಅದು ನಿಜ. ಅಪ್ಪ ಬಾಂಬೆ ಸ್ಯಾಪರ್ಸ್‌ನವನು. ಸೈನ್ಯದ ಎಂಜಿನಿಯರ್ ಪಡೆ. ಸೇತುವೆ ಕಟ್ಟುವುದು, ದಾರಿ ಬಿಡಿಸುವುದು, ನೆಲಬಾಂಬು ತೆಗೆಯುವುದು ಅವರ ಕೆಲಸ. 1966ರಲ್ಲಿ ಹತ್ತೊಂಬತ್ತರ ಹುಡುಗ ಪುಣೆಯ ಖಡಕಿಗೆ ಹೋಗಿ ಸೇರಿಕೊಂಡ. 1988ರಲ್ಲಿ ಹವಾಲ್ದಾರ್ ಆಗಿ ಮನೆಗೆ ಬಂದ. ನಡುವಿನ ಇಪ್ಪತ್ತೆರಡು ವರ್ಷದ ಬಗ್ಗೆ ಅವನ ಬಾಯಿಂದ ನಾವು ಕೇಳಿದ್ದು ಬಹಳ ಕಡಿಮೆ.

ಮನೆ ವರ್ಷದಿಂದ ಮುಚ್ಚಿತ್ತು. ಪಕ್ಕದ ಮನೆಯವರು ಅಂಗಳ ಗುಡಿಸಿ, ಬಾವಿಯಿಂದ ನಾಲ್ಕು ಕೊಡ ನೀರು ಸೇದಿ ಇಟ್ಟಿದ್ದರು. ಚಹಾ ಕುಡಿದು ಅವ್ವ ಸೀದಾ ಹೋಗಿ ಕೂತದ್ದು ಅಪ್ಪನ ಟ್ರಂಕಿನ ಮುಂದೆ. ಕಪ್ಪು ತಗಡಿನ ಟ್ರಂಕು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವನ ನಂಬರು, ರ‍್ಯಾಂಕು, ಹೆಸರು. ಮುಚ್ಚಳ ತೆರೆದರೆ ಒಳಬದಿಗೆ ಅದೇ ಬಿಳಿ ಬಣ್ಣದಲ್ಲಿ ಅ ಆ ಇ ಈ.

ಇದು ನಮ್ಮ ಮನೆಯ ದೊಡ್ಡ ಕಥೆ. ಮದುವೆ ಆದಾಗ ಅವ್ವನಿಗೆ ಓದು ಬರುತ್ತಿರಲಿಲ್ಲ. ಅಪ್ಪನ ಇನ್‌ಲ್ಯಾಂಡ್ ಪತ್ರ ಬಂದರೆ ಪೋಸ್ಟ್‌ಮನ್ನೇ ಜಗಲಿಯಲ್ಲಿ ಕೂತು ಓದಿ ಹೇಳಬೇಕು. ಅತ್ತೆ, ಮಾವ, ನಾದಿನಿ ಎಲ್ಲರ ಮುಂದೆ. ಗಂಡ ಹೆಂಡತಿಗೆ ಬರೆಯುವ ಎರಡು ಮಾತು ಅಲ್ಲಿ ಬರೆಯಲಾದೀತಾ? 1971ರ ಶುರುವಿನಲ್ಲಿ ರಜೆಗೆ ಬಂದ ಅಪ್ಪ ಟ್ರಂಕು ಖಾಲಿ ಮಾಡಿ, ಮುಚ್ಚಳದ ಒಳಗೆ ಅಕ್ಷರ ಬರೆದ. ಎರಡು ತಿಂಗಳು ಪ್ರತಿ ರಾತ್ರಿ ಬುಡ್ಡಿ ದೀಪದ ಬೆಳಕಲ್ಲಿ ಪಾಠ. ರಜೆ ಮುಗಿದಾಗ ಟ್ರಂಕನ್ನು ಇಲ್ಲೇ ಬಿಟ್ಟು, ಬಟ್ಟೆಯನ್ನು ಚೀಲಕ್ಕೆ ತುಂಬಿಕೊಂಡು ಹೋದ. ಪಾಠ ಇನ್ನೂ ಮುಗಿದಿರಲಿಲ್ಲ.

ಟ್ರಂಕಿನ ತುಂಬ ಪತ್ರಗಳು. "ನಾನು ಇಲ್ಲಿ ಕ್ಷೇಮ, ನೀವೆಲ್ಲ ಅಲ್ಲಿ ಕ್ಷೇಮ ಅಂತ ನಂಬಿದ್ದೇನೆ" ಅಂತಲೇ ಎಲ್ಲವೂ ಶುರು. ಯುದ್ಧ ಇಲ್ಲ, ಗಡಿ ಇಲ್ಲ. ಕರಿ ಇಶಾಡ ಮಾವಿನ ಸಸಿಗೆ ನೀರು ಹಾಕಿದಿರಾ, ಆಕಳು ಕರು ಹಾಕಿತಾ, ಗಜನಿಯ ಕಟ್ಟು ಗಟ್ಟಿ ಇದೆಯಾ, ಬರೀ ಇಂಥವು. ತಳದಲ್ಲಿ ಒಂದು ಪತ್ರ ಮಾತ್ರ ಬೇರೆ. ಅದು ಅಪ್ಪ ಬರೆದದ್ದಲ್ಲ. ನಾಲ್ಕು ಮಡಿಕೆ ಮಾಡಿದ್ದು, ಮಡಿಕೆಯಲ್ಲಿ ಹರಿದಿದ್ದು, ಅಂಚಿಗೆ ಮಣ್ಣಿನ ಕಲೆ. ಒಳಗೆ ಒಂದೊಂದು ಅಕ್ಷರ ಹೆಬ್ಬೆರಳಿನಷ್ಟು ದೊಡ್ಡದು: "ಹೆಣ್ಣು ಮಗು. ನಾನು ಚೆನ್ನಾಗಿ ಇದೇನೆ."

"ಇದು ನನ್ನ ಕೈಬರಹ" ಅಂದಳು ಅವ್ವ. "ನಾನು ಬರೆದ ಮೊದಲ ಪತ್ರ." ಆ ಹೆಣ್ಣು ಮಗು, ಈಗ ಐವತ್ತಮೂರರ ನಮ್ಮ ಅಕ್ಕ, ಅವ್ವನ ಪಕ್ಕದಲ್ಲೇ ಕೂತಿದ್ದಳು. ಅವಳೂ ಅದನ್ನು ನೋಡಿದ್ದು ಅವತ್ತೇ ಮೊದಲು.

ಸಂಜೆ ಗಜನಿ ಕಡೆ ಹೋದೆವು. ಉಬ್ಬರಕ್ಕೆ ಉಪ್ಪುನೀರು ಏರುವ ಗದ್ದೆಗೆ ನಮ್ಮಲ್ಲಿ ಗಜನಿ ಅನ್ನುತ್ತಾರೆ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪು ತಡೆಯುವ ಭತ್ತ ಅದು. ಕೊಯ್ಲು ಮುಗಿದರೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಶೆಟ್ಲಿ (ಸಿಗಡಿ), ಮೀನು ಹಿಡಿಯುತ್ತಾರೆ. ಎಲ್ಲವೂ ನಿಂತಿರುವುದು ಮಣ್ಣಿನ ಕಟ್ಟಿನ ಮೇಲೆ. ಒಂದು ಏಡಿ ಬಿಲ ಸಾಕು, ಹೊಳೆ ಒಳಗೆ ಬರುತ್ತದೆ.

ಅಪ್ಪ ರಜೆಗೆ ಬಂದರೆ ಮೊದಲ ಕೆಲಸ ಕಟ್ಟು ನೋಡುವುದು. ಅವನು ಮುಂದೆ, ಅಕ್ಕ ನಾನು ಹಿಂದೆ. "ನಾನು ಕಾಲಿಟ್ಟಲ್ಲೇ ಕಾಲಿಡಿ" ಅನ್ನುತ್ತಿದ್ದ. ಪ್ರತಿ ಹೆಜ್ಜೆಗೂ ಕೋಲಿನಿಂದ ಮಣ್ಣು ಚುಚ್ಚಿ ನೋಡುತ್ತಿದ್ದ. ನೇರ ಚುಚ್ಚುತ್ತಿರಲಿಲ್ಲ, ಯಾವಾಗಲೂ ಓರೆಯಾಗಿ. ಬಿಲ ಸಿಕ್ಕರೆ ಕೂತು ಬೆರಳಲ್ಲೇ ಮಣ್ಣು ಬಿಡಿಸಿ, ಎಲ್ಲಿವರೆಗೆ ಹೋಗಿದೆ ನೋಡಿ, ಜಿಗಟು ಮಣ್ಣು ತುಂಬಿ ಮೆಟ್ಟುತ್ತಿದ್ದ. ಒಂದು ಮಳೆಗಾಲದಲ್ಲಿ ಕಟ್ಟು ಒಡೆದಾಗ ಊರ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಮರಳು ಚೀಲವನ್ನು ಇಟ್ಟಿಗೆ ಜೋಡಿಸಿದ ಹಾಗೆ ಸಂದು ತಪ್ಪಿಸಿ ಇಡಿಸಿದ್ದ. ಆ ರಾತ್ರಿ ಅವನ ದನಿ ಬೇರೆಯೇ ಇತ್ತು. ಮನೆಯಲ್ಲಿ ಯಾವತ್ತೂ ಕೇಳದ ದನಿ.

ಎರಡನೆಯ ದಿನ: ತಿಥಿ

ಹೆಚ್ಚು ಜನ ಕರೆದಿರಲಿಲ್ಲ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಕೋಳಿ ಪಲ್ಯ. ಎಡೆಯ ಪಕ್ಕ ಒಂದು ಸಣ್ಣ ಲೋಟದಲ್ಲಿ ಮಿಲಿಟರಿ ಕ್ಯಾಂಟೀನಿನ ರಮ್ಮು. ಅವ್ವನೇ ಅಳತೆ ನೋಡಿ ಸುರಿದಳು. ತಿಂಗಳಿಗೆ ನಾಲ್ಕು ದಿನ, ಒಂದೇ ಪೆಗ್ಗು, ಅದೂ ಮಂಡಿ ನೋವು ಅಂತ. ಅದಕ್ಕಿಂತ ಜಾಸ್ತಿ ಅಪ್ಪ ಕುಡಿದದ್ದನ್ನು ನಾನು ನೋಡಿಲ್ಲ. ಕಾಗೆ ಬೇಗ ಬಂತು.

ಊಟ ಆದ ಮೇಲೆ ಊರಿನ ಇಬ್ಬರು ಮಾಜಿ ಸೈನಿಕರು ಅವ್ವನ ಕುಟುಂಬ ಪಿಂಚಣಿ ಬಗ್ಗೆ ಕೇಳಿದರು. ದಾಖಲೆಯಲ್ಲಿ ಅವಳ ಹೆಸರಿನ ಒಂದು ಅಕ್ಷರ ತಪ್ಪಿತ್ತು. ಅಷ್ಟಕ್ಕೇ ಐದು ತಿಂಗಳು ಹಣ ನಿಂತಿತ್ತು. ಅಫಿಡವಿಟ್ಟು, ಆಧಾರ್, ಮತ್ತೆ ಅಫಿಡವಿಟ್ಟು. ಟ್ರಂಕಿನ ಮುಚ್ಚಳದಲ್ಲಿ ಅಕ್ಷರ ಕಲಿತವಳು ತನ್ನ ಹೆಸರು ಸರಿಯಾಗಿ ಬರೆದುಕೊಡಲು ಕಚೇರಿಗೆ ನಾಲ್ಕು ಸಲ ಹೋದಳು. ಇದು ಅವಳೊಬ್ಬಳ ಕಥೆ ಅಲ್ಲ. ಮನೆಯಲ್ಲಿ ಪಿಂಚಣಿದಾರರು ಇದ್ದರೆ, ಅವರು ಇರುವಾಗಲೇ ಪಿಂಚಣಿ ಆದೇಶದಲ್ಲಿ ಹೆಂಡತಿಯ ಹೆಸರು, ಹುಟ್ಟಿದ ದಿನ ಆಧಾರ್ ಜೊತೆ ಹೊಂದುತ್ತದಾ ಅಂತ ಒಮ್ಮೆ ನೋಡಿಕೊಳ್ಳಿ.

ಮೂರನೆಯ ದಿನ: ಕಾರವಾರ

ಅವರ್ಸೆ ದಾಟಿದ ಮೇಲೆ ಅವ್ವ ಕಿಟಕಿ ಕಡೆ ಸರಿದು ಕೂತಳು. ಅವಳ ತವರು ಈ ಕರಾವಳಿ ಪಟ್ಟಿಯಲ್ಲೇ ಇತ್ತು. ಈಗ ಅಲ್ಲಿ ನೌಕಾನೆಲೆಯ ಉದ್ದದ ಗೋಡೆ. ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, ಐಎನ್‌ಎಸ್ ಕದಂಬ ಅನ್ನುವ ಈ ನೆಲೆ 2005ರ ಮೇ 31ರಂದು ಶುರುವಾಯಿತು. ನಡುವೆ ಊರುಗಳು ಎದ್ದು ಹೋದವು. ಮಾವನ ಮನೆ ಬಿಚ್ಚುವ ದಿನ ಅಪ್ಪ ಬೆಳಿಗ್ಗೆಯೇ ಹೋಗಿದ್ದ. ಮಾಡಿನ ಮೇಲೆ ಹತ್ತಿ ಒಂದೊಂದೇ ಹೆಂಚು ಇಳಿಸಿದ. ಒಂದೂ ಒಡೆಯಲಿಲ್ಲ. ಅವು ಈಗ ನಮ್ಮ ಕೊಟ್ಟಿಗೆಯ ಮೇಲಿವೆ. ದೇಶಕ್ಕೆ ಬೇಕು ಅಂದರೆ ಕೊಡಬೇಕು ಅಂತ ಅವನು ಬಾಯಲ್ಲಿ ಹೇಳಲಿಲ್ಲ. ಕೊಡಬಾರದು ಅಂತಲೂ ಹೇಳಲಿಲ್ಲ. ಅವ್ವ ಅತ್ತಾಗ ಪಕ್ಕದಲ್ಲಿ ಕೂತಿದ್ದ, ಅಷ್ಟೇ.

ದಾರಿಯಲ್ಲೇ ಚೆಂಡಿಯಾ ಸಿಗುತ್ತದೆ. ಪರಮವೀರ ಚಕ್ರ ಪಡೆದ ರಾಮ ರಾಘೋಬ ರಾಣೆಯವರ ಊರು. ಅವರೂ ಬಾಂಬೆ ಸ್ಯಾಪರ್. ಅಪ್ಪ ಭರ್ತಿ ಆದಾಗ ಅವರು ಇನ್ನೂ ಸೇವೆಯಲ್ಲಿದ್ದರು. ಅಪ್ಪ ಗರ್ವದಿಂದ ಹೇಳುತ್ತಿದ್ದ ಕಥೆ ಅದೊಂದೇ, ಅದೂ ಬೇರೆಯವರದ್ದು.

ಕಾರವಾರದ ಕಡಲತೀರದಲ್ಲಿ ರಾಣೆಯವರ ಪ್ರತಿಮೆ ಇದೆ. ಅವ್ವ ಅದರ ಮುಂದೆ ಬಹಳ ಹೊತ್ತು ನಿಂತಳು. 1948ರ ಏಪ್ರಿಲ್ 8. ಜಮ್ಮು-ಕಾಶ್ಮೀರದಲ್ಲಿ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿ. ಶತ್ರುಗಳು ರಸ್ತೆಗೆ ದೊಡ್ಡ ಮರಗಳನ್ನು ಕಡಿದು ಕೆಡವಿ, ನೆಲಬಾಂಬು ಹುಗಿದಿದ್ದರು. ಟ್ಯಾಂಕು ಮುಂದೆ ಹೋಗಲು ಆಗದು. ಮೇಲಿಂದ ಗುಂಡಿನ ಸುರಿಮಳೆ. ರಾಣೆಯವರು ಗಾಯಗೊಂಡರೂ ನಿಲ್ಲಲಿಲ್ಲ. ಮುಂದಿನ ಟ್ಯಾಂಕಿನ ಅಡಿಗೆ ತೆವಳಿ, ಅದರ ಜೊತೆಗೇ ಮುಂದೆ ಸರಿಯುತ್ತ, ಹಗ್ಗ ಎಳೆದು ಡ್ರೈವರಿಗೆ ನಿಲ್ಲು, ನಡೆ ಅಂತ ತಿಳಿಸಿದರು. ಏಪ್ರಿಲ್ 11ರವರೆಗೆ ದಾರಿ ಬಿಡಿಸುತ್ತಲೇ ಹೋದರು. ಹುಟ್ಟಿದ್ದು 1918, ತೀರಿಕೊಂಡದ್ದು 1994. ಅಂಡಮಾನಿನ ಒಂದು ದ್ವೀಪಕ್ಕೆ 2023ರಲ್ಲಿ ಅವರ ಹೆಸರಿಟ್ಟರು. ಪ್ರತಿಮೆ ಹತ್ತಿರ ಐಸ್‌ಕ್ರೀಮ್ ತಿನ್ನುತ್ತಿದ್ದ ಮಕ್ಕಳಿಗೆ ಅಕ್ಕ ಇಷ್ಟನ್ನೂ ಕೂರಿಸಿಕೊಂಡು ಹೇಳಿದಳು. ಅವಳು ಟೀಚರ್.

ಪಕ್ಕದಲ್ಲೇ ಐಎನ್‌ಎಸ್ ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯ. 1976ರಲ್ಲಿ ಸೇವೆಗೆ ಬಂದು 2005ರಲ್ಲಿ ನಿವೃತ್ತಿಯಾದ ಕ್ಷಿಪಣಿ ದೋಣಿ. ಇದೇ ಕರಾಚಿಗೆ ಹೋಗಿತ್ತು ಅಂತ ನೋಡಲು ಬಂದವರು ಮಾತಾಡಿಕೊಳ್ಳುತ್ತಿದ್ದರು. ಆದರೆ 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ಎರಗಿದ್ದು ಇದರ ಹಿಂದಿನ ಪೀಳಿಗೆಯ ದೋಣಿಗಳು: ನಿಪಾತ್, ನಿರ್ಘಾತ್, ವೀರ್. ಚಪಲ್ ಆಗ ನಮ್ಮ ನೌಕಾಪಡೆಯಲ್ಲಿ ಇರಲೇ ಇಲ್ಲ. ಒಳಗೆ ನಡೆಯಲು ಜಾಗ ಬಹಳ ಕಿರಿದು. ಅವ್ವನಿಗೆ ಏಣಿ ಇಳಿಯುವುದು ಕಷ್ಟ, ಬೇಗ ಹೊರಗೆ ಬಂದೆವು.

ನಾವು ನಿಜವಾಗಿ ಬಂದಿದ್ದು ಸದಾಶಿವಗಡಕ್ಕೆ. ಅಪ್ಪನ ಜೊತೆ ಒಂದೇ ಕಂಪನಿಯಲ್ಲಿದ್ದ ಕಾಕಾ ಅಲ್ಲಿದ್ದಾರೆ. ಕಾಳಿ ನದಿ ದಾಟುವಾಗ ಹಳೆ ಸೇತುವೆ ಇದ್ದ ಜಾಗ ಕಾಣಿಸಿತು. ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಕುಸಿದ ಸೇತುವೆ. ಬಸ್ಸಿನಲ್ಲಿ ಅದನ್ನು ದಾಟುವಾಗೆಲ್ಲ ಅಪ್ಪ ಕಂಬ ಎಣಿಸುತ್ತಿದ್ದ.

ಕಾಕಾ ಬಾಗಿಲಲ್ಲೇ ನಿಂತಿದ್ದರು. "ಯಾ ವಹಿನಿ, ಬನ್ನಿ" ಅಂದರು. ವಹಿನಿ ಅಂದರೆ ಅತ್ತಿಗೆ. ಅವ್ವನ ಕೈಯಲ್ಲಿದ್ದ ಕೋಲು ನೋಡಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಸೋಲ್ ಕಡಿ ಕುಡಿದ ಮೇಲೆ ಅಕ್ಕ ಆ ಪತ್ರ ತೆಗೆದು ಅವರ ಕೈಗೆ ಕೊಟ್ಟಳು. ಕನ್ನಡಕ ಹಾಕಿಕೊಂಡು ಓದಿದರು. ಎರಡೇ ಸಾಲು. ಆದರೂ ಬಹಳ ಹೊತ್ತು ಓದಿದರು.

"ಇದು ಬಂದಾಗ ನಾನು ಪಕ್ಕದಲ್ಲೇ ಇದ್ದೆ" ಅಂದರು.

ಆಮೇಲೆ ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆಯುತ್ತೇನೆ.

"71ರ ಯುದ್ಧ, ಪಾಕಿಸ್ತಾನ ಗಡಿಯ ಶಕರ್‌ಗಢ ಸೆಕ್ಟರ್. ಡಿಸೆಂಬರ್ ಚಳಿ, ಮಂಜು. ಟ್ಯಾಂಕು ಹೋಗೋ ಮೊದಲು ನಾವು ಹೋಗಬೇಕು. ಸ್ಯಾಪರ್ ಅಂದರೆ ಅದೇ ಅಲ್ವಾ? ರಾತ್ರಿ ಹೊಟ್ಟೆ ಮೇಲೆ ಮಲಗಿ ಪ್ರಾಡರ್‌ನಿಂದ ನೆಲ ಚುಚ್ಚಿ ಮೈನು, ಅಂದರೆ ನೆಲಬಾಂಬು, ಹುಡುಕುತ್ತ ಹೋಗೋದು. ಉದ್ದ ಕಬ್ಬಿಣದ ಸಲಾಕೆ ಅದು. ನೇರ ಚುಚ್ಚೋ ಹಾಗಿಲ್ಲ. ನೇರ ಚುಚ್ಚಿದರೆ ಮೈನಿನ ತಲೆಗೇ ತಾಗ್ತದೆ. ಓರೆಯಾಗಿ ಚುಚ್ಚಬೇಕು, ಆಗ ಪಕ್ಕೆಗೆ ತಾಗ್ತದೆ. ತಾಗಿದ್ದು ಕೈಗೆ ಗೊತ್ತಾಗ್ತದೆ. ಆಮೇಲೆ ಬೆರಳಲ್ಲಿ ಮಣ್ಣು ಬಿಡಿಸೋದು. ನಿಮ್ಮಪ್ಪ ಮುಂದೆ, ನಾನು ಹಿಂದೆ ಬಿಳಿ ಟೇಪು ಹಾಸ್ತಾ ಬರೋದು. 'ನಾನು ಕಾಲಿಟ್ಟಲ್ಲೇ ಕಾಲಿಡು' ಅನ್ನೋನು. ಅವನಿಗೆ ಮನೆಯಿಂದ ಸುದ್ದಿ ಇರಲಿಲ್ಲ. ವಹಿನಿ ಬಸುರಿ, ದಿನ ತುಂಬಿದೆ ಅಂತ ಮಾತ್ರ ಗೊತ್ತು. ಹೆರಿಗೆ ಆಯ್ತಾ, ತಾಯಿ ಮಗು ಹೇಗಿದ್ದಾರೆ, ಏನೂ ಗೊತ್ತಿಲ್ಲ. ಎರಡು ಹೆಸರು ಇಟ್ಟುಕೊಂಡಿದ್ದ. ಗಂಡಾದರೆ ಒಂದು, ಹೆಣ್ಣಾದರೆ ಒಂದು. ಒಂದು ಮೈನು ಕೈಗೆ ಸಿಕ್ಕಿದರೆ, ಮಣ್ಣು ಬಿಡಿಸುವಾಗ ಬಾಯಲ್ಲಿ ಆ ಎರಡು ಹೆಸರು. ಒಂದಾದ ಮೇಲೆ ಒಂದು. ನಾನು ಹಿಂದೆ ಮಲಗಿ ಕೇಳ್ತಾ ಇದ್ದೆ. ನನಗೂ ಅದೇ ದೇವರ ನಾಮ ಆಗಿತ್ತು."

ಯುದ್ಧ ನಿಂತದ್ದು ಡಿಸೆಂಬರ್ 17ಕ್ಕೆ. ಟಪಾಲು ಬಂದದ್ದು ಅದಾಗಿ ಮೂರು ದಿನಕ್ಕೆ. ಪತ್ರ ಓದಿ ಅಪ್ಪ ಟ್ರಕ್ಕಿನ ಹಿಂದೆ ಹೋಗಿ ಕೂತನಂತೆ. ಕಾಕಾ ಹೋಗಿ ನೋಡಿದರೆ, ಪತ್ರವನ್ನು ಮಂಡಿ ಮೇಲೆ ಇಟ್ಟುಕೊಂಡು ಒಂದೊಂದು ಅಕ್ಷರದ ಮೇಲೂ ಬೆರಳಾಡಿಸುತ್ತಿದ್ದ. "ಅವಳೇ ಬರೆದಿದ್ದಾಳೆ ನೋಡು, ಅವಳೇ ಬರೆದಿದ್ದಾಳೆ" ಅಂತ ಅದನ್ನೇ ಹೇಳಿದನಂತೆ.

ಅವ್ವ ಸುಮ್ನೆ ಕೂತಿದ್ದಳು. ಐವತ್ತಮೂರು ವರ್ಷದಲ್ಲಿ ಈ ವಿಷಯ ಅವಳಿಗೂ ಗೊತ್ತಿರಲಿಲ್ಲ. "ಹೆಸರು ಪತ್ರದಲ್ಲಿ ಬರೆದು ಕಳಿಸಿದ್ದರು. ಎಲ್ಲಿ ಯೋಚನೆ ಮಾಡಿದ್ದರು ಅಂತ ನನಗೇನು ಗೊತ್ತು" ಅಂದಳು. ಅಕ್ಕ ಎದ್ದು ಹಿತ್ತಿಲಿಗೆ ಹೋದಳು. ನಾನು ಹಿಂದೆ ಹೋಗಲಿಲ್ಲ.

ನಾಲ್ಕನೆಯ ದಿನ: ಅರಬೈಲ್ ಘಟ್ಟ, ಶಿರಸಿ

ಶಿರಸಿಗೆ ಹತ್ತಿರದ ದಾರಿ ಕುಮಟೆಯಿಂದ ದೇವಿಮನೆ ಘಟ್ಟ. ಅವ್ವ ಮಾತ್ರ ಅರಬೈಲ್ ಮೇಲಿಂದಲೇ ಹೋಗೋಣ ಅಂದಳು. ಅಪ್ಪ ರಜೆಗೆ ಬರುತ್ತಿದ್ದ ದಾರಿ ಅದು. ಕೊಂಕಣ ರೈಲು ಇಲ್ಲದ ಕಾಲ. ಪುಣೆಯಿಂದ ಹುಬ್ಬಳ್ಳಿಗೆ ರೈಲು, ಅಲ್ಲಿಂದ ಬಸ್ಸು, ಯಲ್ಲಾಪುರ, ಅರಬೈಲ್ ಇಳಿದು ಅಂಕೋಲೆ. ಘಟ್ಟ ಇಳಿಯುವಾಗ ಗಾಳಿಗೆ ಉಪ್ಪಿನ ವಾಸನೆ ಬಂದರೆ ಬೂಟಿನ ಲೇಸು ಬಿಚ್ಚುತ್ತಿದ್ದೆ ಅನ್ನುತ್ತಿದ್ದ.

ಸೈನ್ಯ ಬಿಟ್ಟ ಮೇಲೆ ಅಪ್ಪ ಶಿರಸಿಯ ಒಂದು ಬ್ಯಾಂಕಿನಲ್ಲಿ ಗಾರ್ಡ್ ಆದ. ಅಕ್ಕನ ಟಿಸಿಎಚ್ ಶಿಕ್ಷಕ ತರಬೇತಿ, ನನ್ನ ಕಾಲೇಜು, ಎಲ್ಲ ಅದೇ ಸಂಬಳದಲ್ಲಿ. ಡಬಲ್ ಬ್ಯಾರಲ್ ಬಂದೂಕು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ. ಕೋಲಿನ ತುದಿಯ ಹಿತ್ತಾಳೆ ಆ ಕಾಲದ್ದು. ಸಂತೆಗೆ ಬಂದ ಹೆಂಗಸರು ಚಲನ್ ತುಂಬಿಸಿಕೊಳ್ಳಲು ಅವನ ಹತ್ತಿರವೇ ಬರುತ್ತಿದ್ದರು. ಊಟದ ಬಿಡುವಿನಲ್ಲಿ ಅವರಿಗೆ ಸಹಿ ಮಾಡಲು ಕಲಿಸುತ್ತಿದ್ದ.

1994ರಲ್ಲಿ ನಾನು ಸೈನ್ಯಕ್ಕೆ ಸೇರುತ್ತೇನೆ ಅಂದೆ. ಬೇಡ ಅನ್ನಲಿಲ್ಲ. ತಾನೇ ಬೆಳಗಾವಿಯ ಭರ್ತಿಗೆ ಕರೆದುಕೊಂಡು ಹೋದ. ಬೆಳಗಿನ ಜಾವ ಎಬ್ಬಿಸಿ ಬಾಳೆಹಣ್ಣು ತಿನ್ನಿಸಿದ. ಓಟದಲ್ಲಿ ಪಾಸಾದೆ, ಕಣ್ಣಿನ ಪರೀಕ್ಷೆಯಲ್ಲಿ ಹೊರಗೆ ಬಿದ್ದೆ. ವಾಪಸು ಬರುವ ಬಸ್ಸಿನಲ್ಲಿ ನಾನು ಅಳುತ್ತಿದ್ದೆ. ಅಪ್ಪ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದ. ಬಸ್ಸಿನಲ್ಲಿ ಅವನು ನಿದ್ದೆ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಗ ಸಿಟ್ಟು ಬಂದಿತ್ತು. ನನ್ನ ಮಗನಿಗೆ ಈಗ ಹದಿನೆಂಟು. ಆ ನಿದ್ದೆ ನನಗೆ ಅರ್ಥವಾಗುತ್ತಿದೆ.

ಮಾರಿಕಾಂಬೆಗೆ ಉಡಿ ತುಂಬಿಸಿ, ನಾವು ಬಾಡಿಗೆಗೆ ಇದ್ದ ಮನೆಗೆ ಹೋದೆವು. ಮಾಲೀಕರ ಹೆಂಡತಿಯನ್ನು ನಾವು ದೊಡ್ಡಮ್ಮ ಅನ್ನುತ್ತಿದ್ದೆವು. ಎಂಬತ್ತು ದಾಟಿದೆ. "ಹವಾಲ್ದಾರ್ರ ಮನೆಯವರು ಬಂದ್ರು" ಅಂತ ಒಳಗೆ ಕೂಗಿ, ಕಷಾಯ, ತೊಡೆದೇವು ತರಿಸಿದರು. ಅವರಿಗೆ ನೆನಪಿದ್ದದ್ದು ಅಪ್ಪನ ಗಿನ್ತಿ. ಪ್ರತಿ ರಾತ್ರಿ ದೀಪ ಆರಿಸುವ ಮೊದಲು ಅಪ್ಪ ಮಲಗಿದವರ ತಲೆ ಮುಟ್ಟಿ ಎಣಿಸುತ್ತಿದ್ದ. ಸೈನ್ಯದಲ್ಲಿ ಸಂಜೆ ಹಾಜರಿ ಎಣಿಸುವ ಹಾಗೆ. ಕೊನೆಗೆ "ಗಿನ್ತಿ ಬರೋಬರ್" ಅನ್ನುತ್ತಿದ್ದ. ದೊಡ್ಡಮ್ಮನ ಮಗನಿಗೆ ಜ್ವರ ಬಂದು ಎಂಟು ದಿನ ಆಸ್ಪತ್ರೆಯಲ್ಲಿ ಇದ್ದಾಗ, ಡ್ಯೂಟಿ ಮುಗಿಸಿ ಅಪ್ಪ ದಿನಾ ರಾತ್ರಿ ಅಲ್ಲಿಗೆ ಹೋಗಿ ಅವನ ತಲೆ ಮುಟ್ಟಿ ಬರುತ್ತಿದ್ದನಂತೆ. "ನಮ್ಮ ಮಾಣಿಯನ್ನೂ ನಿಮ್ಮ ಲೆಕ್ಕದಲ್ಲಿ ಸೇರಿಸಿದ್ರು" ಅಂದರು ದೊಡ್ಡಮ್ಮ. ನಮಗೆ ಇದು ಗೊತ್ತಿರಲಿಲ್ಲ. ಡ್ಯೂಟಿ ಜಾಸ್ತಿ ಅಂತ ಅಪ್ಪ ಮನೆಯಲ್ಲಿ ಹೇಳಿದ್ದ.

ಐದನೆಯ ದಿನ: ಸಹಸ್ರಲಿಂಗ

ವಾಪಸು ಹೋಗುವ ದಾರಿಯಲ್ಲಿ ಸಹಸ್ರಲಿಂಗಕ್ಕೆ ಇಳಿದೆವು. ಶಾಲ್ಮಲೆಯ ನೀರು ಇಳಿದಿತ್ತು. ಬಂಡೆ ಬಂಡೆಯ ಮೇಲೂ ಲಿಂಗ, ಎದುರಿಗೆ ಸಣ್ಣ ನಂದಿ. ಬೆಳಗಿನ ಹೊತ್ತು, ಜನ ಇರಲಿಲ್ಲ. ಶಿರಸಿಯಲ್ಲಿದ್ದಾಗ ರಜೆ ದಿನ ಅಪ್ಪ ನಮ್ಮನ್ನು ಇಲ್ಲಿಗೆ ಬುತ್ತಿ ಕಟ್ಟಿಕೊಂಡು ಕರೆತರುತ್ತಿದ್ದ.

ನೀರಿನ ನಡುವಿನ ದೊಡ್ಡ ನಂದಿಗೆ ಹೂ ಇಡಬೇಕು ಅಂದಳು ಅವ್ವ. ಬಂಡೆಗೆ ಪಾಚಿ. ಎಪ್ಪತ್ತಮೂರು ವರ್ಷ ಅವಳಿಗೆ. ನಾನು ಹೋಗಿ ಇಟ್ಟು ಬರುತ್ತೇನೆ ಅಂದೆ. ಕೇಳಲಿಲ್ಲ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಹೂವಿನ ಪೊಟ್ಟಣ ಅಕ್ಕನ ಕೈಗೆ ಕೊಟ್ಟು, ಕೋಲನ್ನು ಮುಂದಿನ ಬಂಡೆಯ ಸಂದಿಗೆ ಚುಚ್ಚಿದಳು, ಓರೆಯಾಗಿ. ಹಿತ್ತಾಳೆ ಕಲ್ಲಿಗೆ ತಾಗಿ ಟಕ್ ಅಂತು. ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಬಂಡೆ ಚುಚ್ಚಿದಳು, ಅಲ್ಲಾಡಿತು, ಬಿಟ್ಟಳು. ಬಲಕ್ಕೆ ಚುಚ್ಚಿ ನೋಡಿದಳು. ಅದು ಗಟ್ಟಿ ಇತ್ತು.

ಹಿಂದೆ ತಿರುಗಿ ನಮ್ಮಿಬ್ಬರನ್ನು ನೋಡಿದಳು. "ಬನ್ನಿ. ನಾನು ಇಟ್ಟಲ್ಲೇ ಇಡಿ" ಅಂದಳು.